ಬಿಚ್ಚಿದ ಬೈಕು ಬಿಚ್ಚಿದಂತೆಯೇ ನಿಲ್ಲುವ ಜಾಗ

ಪ್ರಶ್ನೆ: ಮೈಸೂರಿನಲ್ಲಿ 30×40 ಸೈಟಿನಲ್ಲಿ ನಮ್ಮ ಮನೆ. ಕಾರಿಲ್ಲ. ಕಾರಿಗೆಂದು ಬಿಟ್ಟ ಪೋರ್ಟಿಕೊ 10 ಅಡಿ ಅಗಲ, 18 ಅಡಿ ಉದ್ದ ಇದೆ. ಮೂರು ಕಡೆ ಗೋಡೆ, ಮುಂದೆ ಗ್ರಿಲ್ ಗೇಟು, ಮೇಲೆ ಆರ್‌ಸಿಸಿ. ನನ್ನದು 2022ರ ಕ್ಲಾಸಿಕ್ 350, ಹೆಂಡತಿಯದು ಆ್ಯಕ್ಟಿವಾ. ಜೊತೆಗೆ ಅಪ್ಪನ ಕಾಲದ ಯೆಜ್ಡಿ ರೋಡ್‌ಕಿಂಗ್ ವರ್ಷಗಳಿಂದ ನಿಂತಲ್ಲೇ ನಿಂತಿದೆ. ಕ್ಲಾಸಿಕ್‌ನ ಸಣ್ಣಪುಟ್ಟ ಸರ್ವಿಸನ್ನು ನಾನೇ ಮಾಡಿಕೊಳ್ಳಬೇಕು, ನಿಧಾನಕ್ಕೆ ಯೆಜ್ಡಿಯನ್ನೂ ಎಬ್ಬಿಸಬೇಕು ಅಂತ ಆಸೆ. ಇದಕ್ಕೆ 40 ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ. ಹೈಡ್ರಾಲಿಕ್ ಲಿಫ್ಟ್, ಕಂಪ್ರೆಸರ್, ಆನ್‌ಲೈನ್‌ನಲ್ಲಿ ಸಿಗುವ ದೊಡ್ಡ ಟೂಲ್ ಕಿಟ್, ಇವುಗಳಲ್ಲಿ ಯಾವುದನ್ನು ಮೊದಲು ಕೊಳ್ಳಲಿ?

ಉತ್ತರ: ಲಿಫ್ಟ್ ಬೇಡ. ಕಂಪ್ರೆಸರ್ ಸದ್ಯಕ್ಕೆ ಬೇಡ. ನೂರೆಂಟು ಪೀಸಿನ ಕಿಟ್ ಯಾವತ್ತಿಗೂ ಬೇಡ. ಮೊದಲ ಖರ್ಚು ನೆಲಕ್ಕೆ, ಬೆಳಕಿಗೆ, ಕರೆಂಟಿಗೆ ಆಗಲಿ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ರಸ್ತೆ ಬದಿಯ ಮೆಕ್ಯಾನಿಕ್‌ಗೆ ಇರುವ ಕೈಚಳಕ ನಿಮಗಾಗಲೀ ನನಗಾಗಲೀ ಇಲ್ಲ. ಅವನ ಹತ್ತಿರ ಇಲ್ಲದ್ದೊಂದು ನಿಮ್ಮ ಹತ್ತಿರ ಇದೆ: ಪುರುಸೊತ್ತು. ಸಂಜೆಯೊಳಗೆ ಗಾಡಿ ಡೆಲಿವರಿ ಕೊಡಲೇಬೇಕಾದವನು ತುಕ್ಕು ಹಿಡಿದ ಸ್ಕ್ರೂ ಬರದಿದ್ದರೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾನೆ. ಅವನ ತಪ್ಪಲ್ಲ, ಅವನ ಹೊಟ್ಟೆಪಾಡು. ನೀವು ಅದಕ್ಕೆ ರಸ್ಟ್ ಬಿಡಿಸುವ ಎಣ್ಣೆ ಹೊಡೆದು, ದೀಪ ಆರಿಸಿ, ಊಟ ಮಾಡಿ ಮಲಗಬಹುದು. ನಾಳೆ ಇನ್ನೊಮ್ಮೆ ಹೊಡೆಯಬಹುದು, ನಾಡಿದ್ದು ಬಿಚ್ಚಬಹುದು. ಆದರೆ ಹಾಗೆ ಬಿಟ್ಟು ಏಳಬೇಕಾದರೆ ಅರ್ಧ ಬಿಚ್ಚಿದ ಬೈಕು ರಾತ್ರಿಯೆಲ್ಲ, ಬೇಕಾದರೆ ತಿಂಗಳೆಲ್ಲ, ಯಾರ ದಾರಿಗೂ ಅಡ್ಡ ಬಾರದೆ ಅಲ್ಲೇ ನಿಲ್ಲುವಂತಿರಬೇಕು. ಆ್ಯಕ್ಟಿವಾ ಆಚೆ ತೆಗೆಯಲು ಪ್ರತಿದಿನ ಬೆಳಿಗ್ಗೆ ಯೆಜ್ಡಿಗೆ ಚಕ್ರ ಹಾಕಿ ತಳ್ಳಬೇಕಾದ ಪರಿಸ್ಥಿತಿ ಇದ್ದರೆ ಎಷ್ಟು ಒಳ್ಳೆಯ ಪಾನಾ ಸೆಟ್ಟಿದ್ದರೂ ಆ ಗ್ಯಾರೇಜ್ ಮೂರು ವಾರದಲ್ಲಿ ಮತ್ತೆ ಪೋರ್ಟಿಕೊ ಆಗುತ್ತದೆ. ಮನೆಯಲ್ಲಿ ಬಿಚ್ಚಿದ ಎಷ್ಟೋ ಹಳೆ ಬೈಕುಗಳು ಮೂಟೆಯಲ್ಲಿ ಗುಜರಿಗೆ ಹೋಗುವುದು ಹೀಗೆಯೇ.

ಹಾಗಾಗಿ ಮೊದಲು ಚಾಕ್‌ಪೀಸ್ ಹಿಡಿದು ನೆಲ ಅಳೆಯಿರಿ. ಕ್ಲಾಸಿಕ್ 350ರ ಉದ್ದ 2145 ಮಿ.ಮೀ., ಅಂದರೆ ಏಳಡಿ. ಹ್ಯಾಂಡಲ್ ಅಗಲ 785 ಮಿ.ಮೀ., ಎರಡೂವರೆ ಅಡಿಗೆ ಸ್ವಲ್ಪ ಮೇಲೆ. ಯೆಜ್ಡಿ ಇದಕ್ಕಿಂತ ದೊಡ್ಡದಲ್ಲ. ಪೋರ್ಟಿಕೊದ ಒಳತುದಿಯ 9 ಅಡಿಯನ್ನು ಕೆಲಸದ ಜಾಗ ಅಂತ ಗೆರೆ ಎಳೆದುಬಿಡಿ. ಅದು ಯೆಜ್ಡಿಯ ಸ್ವಂತದ್ದು. ಗೇಟಿನ ಕಡೆಯ 9 ಅಡಿಯಲ್ಲಿ ದಿನಾ ಓಡುವ ಎರಡು ಗಾಡಿ ಪಕ್ಕಪಕ್ಕ ನಿಲ್ಲುತ್ತವೆ. ಕ್ಲಾಸಿಕ್‌ನ ಆಯಿಲ್ ಬದಲಿಸುವುದು, ಚೈನ್ ನೋಡುವುದು ಅರ್ಧ ದಿನದ ಕೆಲಸ. ಅದನ್ನು ಆ್ಯಕ್ಟಿವಾ ಹೊರಗೆ ಹೋದ ಹೊತ್ತಲ್ಲಿ ಈ ಮುಂದಿನ ಭಾಗದಲ್ಲೇ ಮಾಡಿಕೊಳ್ಳಿ. ಎರಡು ಬೈಕು ಒಟ್ಟಿಗೆ ಬಿಚ್ಚಬೇಡಿ. ಇದು ಜಾಗದ ಮಾತಲ್ಲ, ಬೋಲ್ಟುಗಳು ಬೆರೆತುಹೋಗುವ ಮಾತು.

ಮನೆಯ ಮುಂಬಾಗಿಲು ಈ ಪೋರ್ಟಿಕೊಗೇ ತೆರೆಯುತ್ತದೆ ಅಂತ ಊಹಿಸುತ್ತೇನೆ. ನಮ್ಮ ಕಡೆ ಮುಕ್ಕಾಲುವಾಸಿ ಮನೆಗಳು ಹಾಗೇ. ಬಾಗಿಲ ಮುಂದೆ ಮೂರಡಿ ದಾರಿಯನ್ನು ಮುಟ್ಟಲೇಬೇಡಿ. ಹಬ್ಬದ ದಿನ ರಂಗೋಲಿ ಹಾಕುವ ಜಾಗಕ್ಕೆ ಗೇರ್ ಆಯಿಲ್ ಬಿದ್ದರೆ ಅಲ್ಲಿಗೆ ನಿಮ್ಮ ಹವ್ಯಾಸ ಮುಗಿಯಿತು. ಉಳಿದ ಏಳಡಿ ಅಗಲದಲ್ಲಿ ಬೈಕನ್ನು ನಡುವೆ ನಿಲ್ಲಿಸಿದರೆ ಎರಡೂ ಬದಿಗೆ ತಲಾ ಎರಡು ಅಡಿ ಚಿಲ್ಲರೆ ಸಿಗುತ್ತದೆ. ಮಣೆ ಹಾಕಿ ಕೂರಲು, ಹಿಂದಿನ ಚಕ್ರದ ಆಕ್ಸಲನ್ನು ಪಕ್ಕಕ್ಕೆ ಪೂರ್ತಿ ಎಳೆಯಲು ಅಷ್ಟು ಸಾಕು. ಗೋಡೆಗೆ ಒತ್ತಿ ನಿಲ್ಲಿಸಿದರೆ ಮಾತ್ರ ಆಕ್ಸಲ್ ಅರ್ಧ ಬಂದು ಗೋಡೆಗೆ ತಾಗಿ ನಿಲ್ಲುತ್ತದೆ.

ಬೈಕಿನ ಮುಖ ಯಾವ ಕಡೆಗೆ? ಮನೆಯ ಕಡೆಗೆ. ಪೋರ್ಟಿಕೊ ನೆಲ ನೋಡಲು ಸಮ ಅನ್ನಿಸಿದರೂ ಮಳೆನೀರು ಹರಿಯಲೆಂದು ಗಾರೆಯವರು ಗೇಟಿನ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ಒಂದು ಚೊಂಬು ನೀರು ಸುರಿದು ನೋಡಿ, ಗೊತ್ತಾಗುತ್ತದೆ. ಮೇನ್ ಸ್ಟ್ಯಾಂಡ್ ಮಡಚಿಕೊಳ್ಳುವುದು ಬೈಕು ಮುಂದಕ್ಕೆ ಸರಿದಾಗ. ಮುಖ ಇಳಿಜಾರಿನ ಕಡೆಗಿದ್ದು, ನೀವು ಬಿಗಿಯಾದ ನಟ್ಟನ್ನು ಮೈಭಾರ ಹಾಕಿ ತಿರುಗಿಸುವಾಗ ಬೈಕು ಒಂದಿಂಚು ಮುಂದಕ್ಕೆ ಜಾರಿದರೂ 195 ಕೆಜಿಯ ಕ್ಲಾಸಿಕ್ ನಿಮ್ಮ ಮೇಲೆ ಬರುತ್ತದೆ. ಮುಖ ಏರಿನ ಕಡೆಗಿದ್ದರೆ ಅದರ ಭಾರವೇ ಅದನ್ನು ಸ್ಟ್ಯಾಂಡಿನ ಮೇಲೆ ಕೂರಿಸುತ್ತದೆ. ಇನ್ನೊಂದು ಲಾಭವೂ ಇದೆ. ಸೈಲೆನ್ಸರ್ ಬಾಯಿ ಗೇಟಿನ ಕಡೆಗಿರುವುದರಿಂದ ಯೆಜ್ಡಿಯ ಟೂ-ಸ್ಟ್ರೋಕ್ ಹೊಗೆ ಹಾಲ್‌ಗೆ ನುಗ್ಗದೆ ಹೊರಗೆ ಹೋಗುತ್ತದೆ.

ನೆಲವನ್ನು ಒಡೆದು ಲೆವೆಲ್ ಮಾಡಿಸುವ ಖರ್ಚು ಬೇಡ. ಇಳಿಜಾರು ನೂರಕ್ಕೆ ಒಂದರಷ್ಟಿದ್ದರೆ ಮುಂದಿನ ಚಕ್ರಕ್ಕೂ ಸ್ಟ್ಯಾಂಡಿನ ಕಾಲಿಗೂ ನಡುವೆ ಬರುವ ವ್ಯತ್ಯಾಸ ಒಂದು ಸೆಂಟಿಮೀಟರ್ ಆಸುಪಾಸು. ಸ್ಟ್ಯಾಂಡಿನ ಎರಡೂ ಕಾಲಿನಡಿಗೆ ಬರುವಂತೆ 9 ಅಥವಾ 12 ಮಿ.ಮೀ. ಪ್ಲೈವುಡ್ ಹಲಗೆ ಇಟ್ಟರೆ ಮುಗಿಯಿತು. ಆಯಿಲ್ ಲೆವೆಲ್ ಗಾಜು ನಿಜ ಹೇಳುತ್ತದೆ. ನೆಲಕ್ಕೆ ಟೈಲ್ಸ್ ಹಾಕಿದ್ದರೆ ಈ ಹಲಗೆ ಇನ್ನೂ ಅಗತ್ಯ. ಸ್ಟ್ಯಾಂಡಿನ ಸಣ್ಣ ಪಾದ ಅಷ್ಟೂ ಭಾರವನ್ನು ಒಂದೇ ಕಡೆ ಒತ್ತುವುದರಿಂದ ಅಡಿಯಲ್ಲಿ ಟೊಳ್ಳಾಗಿ ಕೂತ ಟೈಲ್ ಬಿರುಕು ಬಿಡುತ್ತದೆ.

ಟೈಲ್ ಆಗಲಿ, ಕಡಪ ಕಲ್ಲಾಗಲಿ, ಎಣ್ಣೆ ಬಿದ್ದರೆ ಜಾರುತ್ತದೆ. ಇದಕ್ಕೆ ಗ್ಯಾರೇಜ್ ಮ್ಯಾಟ್ ಅಂತ ದುಬಾರಿ ಸಾಮಾನು ಸಿಗುತ್ತದೆ. ಅದರ ಬದಲು ಹಸುವಿನ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ತನ್ನಿ. ಡೈರಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಸುಮಾರು ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲ, ಹೆಬ್ಬೆರಳಿನಷ್ಟು ದಪ್ಪ. ಹಸು ಕಾಲು ಜಾರದಂತೆ ಮೇಲೆ ಗುಬ್ಬಿ ಗುಬ್ಬಿ. ಎರಡು ಮ್ಯಾಟ್ ತಂದು, ಏಳಡಿ ಅಗಲಕ್ಕೆ ಹೊಂದುವಂತೆ ಅಂಚು ಕತ್ತರಿಸಿ, ಬೈಕಿನ ಎಡಕ್ಕೊಂದು ಬಲಕ್ಕೊಂದು ಹಾಸಿ. ಮಂಡಿಗೆ ಮೆತ್ತಗಿರುತ್ತದೆ, ಕೈಜಾರಿದ ಸಾಕೆಟ್ ಪುಟಿದು ಯೆಜ್ಡಿಯ ಟ್ಯಾಂಕಿಗೆ ಬಡಿಯುವುದಿಲ್ಲ, ನೆಲದ ಥಂಡಿ ಕಾಲಿಗೆ ಹತ್ತುವುದಿಲ್ಲ. ಪೆಟ್ರೋಲ್, ಎಂಜಿನ್ ಆಯಿಲ್ ಬಿದ್ದು ನಿಂತರೆ ಮಾತ್ರ ರಬ್ಬರ್ ಉಬ್ಬುತ್ತದೆ, ಆಗಿಂದಾಗ್ಗೆ ಒರೆಸಿ. ಮರದ ಡಿಪೊದಿಂದ ಒಂದು ಚೀಲ ಹೊಟ್ಟು ತಂದಿಟ್ಟುಕೊಂಡರೆ ಚೆಲ್ಲಿದ ಎಣ್ಣೆಯ ಮೇಲೆ ಎರಚಿ ಗುಡಿಸಬಹುದು.

ಇನ್ನು ಯಾರೂ ಹೇಳದ ಮಾತು: ನಿಮ್ಮ ಮನೆಯ ಸಂಪು ಎಲ್ಲಿದೆ? ಮೈಸೂರು, ಬೆಂಗಳೂರಿನ ಇಂಥ ಸೈಟುಗಳಲ್ಲಿ ಅದು ಸಾಮಾನ್ಯವಾಗಿ ಪೋರ್ಟಿಕೊದ ಕೆಳಗೇ ಇರುತ್ತದೆ. ವಿದೇಶದ ಗ್ಯಾರೇಜ್ ವಿಡಿಯೊ ನೋಡಿ ಕೆಲಸ ಶುರು ಮಾಡುವವರಿಗೆ ಇದು ಹೊಳೆಯುವುದಿಲ್ಲ, ಯಾಕೆಂದರೆ ಅಲ್ಲಿ ಕಾರು ನಿಲ್ಲಿಸುವ ಜಾಗದ ಕೆಳಗೆ ಯಾರೂ ಕುಡಿಯುವ ನೀರು ಇಡುವುದಿಲ್ಲ. ನೀವು ಒಳತುದಿಯಲ್ಲಿ ಕೆಲಸ ಮಾಡುತ್ತೀರಿ, ಚೆಲ್ಲಿದ್ದು ಇಳಿಜಾರಿನಲ್ಲಿ ಗೇಟಿನ ಕಡೆ ಹರಿಯುತ್ತದೆ, ನಡುವೆ ಸಂಪಿನ ಮುಚ್ಚಳ. ಆ ಮುಚ್ಚಳದ ಸಂದಿಯಲ್ಲಿ ಒಂದು ಲೋಟ ಪೆಟ್ರೋಲ್ ಇಳಿದರೂ ಇಡೀ ಸಂಪು ಖಾಲಿ ಮಾಡಿ ತೊಳೆಯಬೇಕು. ವಾಸನೆ ಓವರ್‌ಹೆಡ್ ಟ್ಯಾಂಕಿಗೂ ಹತ್ತಿರುತ್ತದೆ. ಮುಚ್ಚಳಕ್ಕೆ ಸುತ್ತ ರಬ್ಬರ್ ಪಟ್ಟಿ ಹಾಕಿಸಿ ಬಿಗಿ ಮಾಡಿಸಿ. ಟ್ಯಾಂಕ್ ಇಳಿಸುವುದು, ಕಾರ್ಬ್ಯುರೇಟರ್ ಬಿಚ್ಚುವುದು, ಆಯಿಲ್ ಇಳಿಸುವುದು ಇವೆಲ್ಲ ಅಗಲವಾದ ತಟ್ಟೆಯ ಮೇಲೆಯೇ ನಡೆಯಲಿ. ಮ್ಯಾಟಿನ ಗೇಟು ಕಡೆಯ ಅಂಚಿಗೆ ಹಳೆ ಪಂಚೆಯನ್ನು ಸುರುಳಿ ಸುತ್ತಿ ಇಟ್ಟರೂ ಒಂದು ಒಡ್ಡು ಆಯಿತು.

ಸಂಪಿನ ಜೊತೆಗೆ ಮೋಟರಿನ ಸ್ವಿಚ್ಚೂ ಅಲ್ಲೇ ಗೋಡೆಯಲ್ಲಿರುತ್ತದೆ, ಕೆಲವರ ಮನೆಯಲ್ಲಿ ಯುಪಿಎಸ್ಸೂ ಅದರ ಬ್ಯಾಟರಿಯೂ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಚದುರಿಹೋಗುವ ಬದಲು ನೆಲದ ಮೇಲೆ ತೆವಳಿಕೊಂಡು ಹೋಗಿ ತಗ್ಗಿನಲ್ಲಿ ನಿಲ್ಲುತ್ತದೆ; ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುವಂಥದ್ದು ಅದು. ನೆಲದಿಂದ ಒಂದಡಿ ಎತ್ತರದಲ್ಲಿರುವ ಪ್ಲಗ್ ಪಾಯಿಂಟನ್ನು ಮುಚ್ಚಿಸಿ ನಾಲ್ಕಡಿ ಎತ್ತರಕ್ಕೆ ಹೊಸದು ಹಾಕಿಸಿ. ಟ್ಯಾಂಕು, ಕಾರ್ಬ್ಯುರೇಟರ್ ಕೆಲಸ ಇರುವ ದಿನ ಆಟೊಮ್ಯಾಟಿಕ್ ಮೋಟರ್ ಕಂಟ್ರೋಲರ್ ಇದ್ದರೆ ಅದನ್ನು ಆಫ್ ಮಾಡಿಡಿ. ನೀವು ಕೆಲಸದಲ್ಲಿ ಮುಳುಗಿರುವಾಗ ಅದು ತಾನಾಗೇ ಟಕ್ ಅಂತ ಹತ್ತಿಕೊಳ್ಳುತ್ತದೆ. ಹೊಸಿಲ ದೀಪ, ಊದುಬತ್ತಿ ಬಗ್ಗೆ ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಪೆಟ್ರೋಲ್ ಕೆಲಸ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಟ್ಟುಕೊಂಡರೆ ದೀಪದ ಹೊತ್ತಿನ ತಕರಾರೇ ಬರುವುದಿಲ್ಲ.

ಎಲೆಕ್ಟ್ರಿಷಿಯನ್ ಬಂದಾಗಲೇ ಈ ಪಾಯಿಂಟುಗಳಿಗೆ ಪ್ರತ್ಯೇಕ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಮತ್ತು 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಆಫ್ ಆಗುವ ಸ್ವಿಚ್) ಹಾಕಿಸಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಕೂತು ಡ್ರಿಲ್ ಹಿಡಿಯುವವರು ನಾವು. ಎಂಸಿಬಿ ವೈರನ್ನು ಉಳಿಸುತ್ತದೆ, ಮನುಷ್ಯನನ್ನು ಉಳಿಸುವುದು ಆರ್‌ಸಿಸಿಬಿ. ಅರ್ಥಿಂಗ್ ನಿಜವಾಗಿ ಇದೆಯಾ ಅಂತ ಅವರಿಂದಲೇ ಅಳೆಸಿ ನೋಡಿ. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಮೂರನೆಯ ತಂತಿ ಭೂಮಿಗೆ ಹೋಗಿದೆ ಅಂತ ನಂಬಬೇಡಿ.

ಬೆಳಕಿನಲ್ಲಿ ಎಲ್ಲರೂ ಮಾಡುವುದು ಸೀಲಿಂಗ್ ನಡುವೆ ಒಂದು ದೊಡ್ಡ ಬಲ್ಬ್. ಬೈಕಿನ ಕೆಲಸವೆಲ್ಲ ಮಂಡಿಗಿಂತ ಕೆಳಗೆ. ನೀವು ಬಗ್ಗಿದ ಕೂಡಲೇ ನಿಮ್ಮ ತಲೆಯ ನೆರಳು ಸರಿಯಾಗಿ ಎಂಜಿನ್ ಮೇಲೆ ಬೀಳುತ್ತದೆ. ಅದರ ಬದಲು 20 ವ್ಯಾಟಿನ ನಾಲ್ಕಡಿ ಎಲ್‌ಇಡಿ ಟ್ಯೂಬುಗಳನ್ನು ಎರಡೂ ಬದಿಯ ಗೋಡೆಗೆ, ಎದೆ ಎತ್ತರದಲ್ಲಿ ಅಡ್ಡಲಾಗಿ ಕೂರಿಸಿ. ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಜೊತೆಗೆ ಬುಡದಲ್ಲಿ ಮ್ಯಾಗ್ನೆಟ್ ಇರುವ ಚಾರ್ಜಬಲ್ ದೀಪ ಒಂದಿರಲಿ. ಫ್ರೇಮಿಗೆ ಅಂಟಿಸಿದರೆ ಎರಡೂ ಕೈ ಖಾಲಿ ಇರುತ್ತವೆ. ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮಾಡುವ ಕೆಲಸ ಯಾವತ್ತೂ ನೆಟ್ಟಗಾಗುವುದಿಲ್ಲ.

ಬೆಂಕಿ ಆರಿಸುವ ಸಿಲಿಂಡರ್ ಒಂದು, ಎಬಿಸಿ ಪೌಡರಿನದು, 2 ಕೆಜಿಗಿಂತ ಕಡಿಮೆಯದಲ್ಲ, ಐಎಸ್‌ಐ ಗುರುತಿನದು. ಅದನ್ನು ಕೆಲಸದ ಜಾಗದ ಪಕ್ಕದಲ್ಲಿ ತೂಗುಹಾಕಬೇಡಿ, ಗೇಟಿನ ಹತ್ತಿರ ಹಾಕಿ. ಬೆಂಕಿ ಬೈಕಿನಲ್ಲಿರುವಾಗ ಅದರಾಚೆ ಇರುವ ಸಿಲಿಂಡರಿಗೆ ಕೈ ಚಾಚಲಾಗದು. ಮುಳ್ಳು ಹಸಿರಿನಲ್ಲಿದೆಯಾ ಅಂತ ಆಗಾಗ ಕಣ್ಣಾಡಿಸಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಬೆಂಕಿಯೇ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ. ಒಂದು ಬಕೆಟ್ ಮರಳು ಇಟ್ಟುಕೊಂಡಿರಿ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮಕ್ಕಳಿರುವ ಮನೆಯಲ್ಲಿ ಅದು ಬೆಂಕಿಗಿಂತ ದೊಡ್ಡ ಅಪಾಯ.

ಈಗ ಬಿಚ್ಚಿದ ಬೈಕು ನಿಲ್ಲುವ ಮಾತಿಗೆ ಬರೋಣ. ಸ್ಟೀಲ್ ಡಬ್ಬದಲ್ಲಿ ಎಲ್ಲ ಬೋಲ್ಟು ಒಟ್ಟಿಗೆ ಹಾಕಿಡುವುದು ಮೆಕ್ಯಾನಿಕ್‌ಗೆ ಸರಿ. ಅವನು ನಾಳೆಯೇ ಜೋಡಿಸುತ್ತಾನೆ, ನೀವು ದೀಪಾವಳಿಗೆ ಜೋಡಿಸುತ್ತೀರಿ. ಯೆಜ್ಡಿಯ ಕ್ಲಚ್ ಕವರ್ ಬಿಚ್ಚುವ ಮುಂಚೆ ರಟ್ಟಿನ ಡಬ್ಬದ ಒಂದು ಮುಖ ಕತ್ತರಿಸಿ, ಅದರ ಮೇಲೆ ಕವರಿನ ಆಕಾರವನ್ನು ಪೆನ್ನಿನಲ್ಲಿ ಗೀಚಿಕೊಳ್ಳಿ. ಯಾವ ಸ್ಕ್ರೂ ಎಲ್ಲಿಂದ ಬಂತೋ ರಟ್ಟಿನಲ್ಲೂ ಅಲ್ಲೇ ತೂತು ಮಾಡಿ ಚುಚ್ಚಿ. ಈ ಕವರುಗಳ ಸ್ಕ್ರೂಗಳೆಲ್ಲ ಒಂದೇ ಉದ್ದದವಾಗಿರಬೇಕಿಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಕೊನೆಗೆ ತಾಗಿ ಅಲ್ಯೂಮಿನಿಯಂ ಕೇಸೇ ಸೀಳಬಹುದು, ಗಿಡ್ಡದ್ದನ್ನು ಉದ್ದದರ ಜಾಗಕ್ಕೆ ಹಾಕಿದರೆ ಎರಡೇ ಸುತ್ತು ಹಿಡಿದು ಥ್ರೆಡ್ ಕಿತ್ತು ಬರುತ್ತದೆ. ರಟ್ಟಿನ ಮೇಲೆ ತಾರೀಖು, ಎಡವೋ ಬಲವೋ ಬರೆದು ಗೋಡೆಗೆ ಮೊಳೆ ಹೊಡೆದು ತೂಗುಹಾಕಿ. ಫೋಟೊ ತೆಗೆಯಿರಿ, ಆದರೆ ಅದನ್ನೇ ನಂಬಬೇಡಿ. ಫೋಟೊದಲ್ಲಿ ಸ್ಕ್ರೂವಿನ ತಲೆ ಕಾಣುತ್ತದೆ, ಉದ್ದ ಕಾಣುವುದಿಲ್ಲ. ವಾಷರ್, ಸರ್ಕ್ಲಿಪ್‌ನಂಥ ಸಣ್ಣವಕ್ಕೆ ಮೊಟ್ಟೆಯ ಟ್ರೇ ಸಾಕು, ಎಡಮೂಲೆಯಿಂದ ಬಿಚ್ಚಿದ ಕ್ರಮದಲ್ಲೇ ಹಾಕುತ್ತ ಹೋಗಿ.

ತೆರೆದಿಟ್ಟ ತೂತುಗಳನ್ನೆಲ್ಲ ಮುಚ್ಚಿ. ಸೈಲೆನ್ಸರ್ ಕಳಚಿದ ಬಾಯಿ, ಕಾರ್ಬ್ಯುರೇಟರ್ ತೆಗೆದ ಬಾಯಿ, ಪೆಟ್ರೋಲ್ ಪೈಪಿನ ತುದಿ ಯಾವುದನ್ನೂ ಬಿಡಬೇಡಿ. ನಮ್ಮ ಕಡೆಯ ಕುಂಬಾರ ಹುಳಕ್ಕೆ ಪೆನ್ಸಿಲ್ ಗಾತ್ರದ ತೂತು ಸಿಕ್ಕರೆ ಸಾಕು, ಒಳಗೆ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಆಮೇಲೆ ಟ್ಯಾಂಕಿನಿಂದ ಪೆಟ್ರೋಲ್ ಯಾಕೆ ಇಳಿಯುತ್ತಿಲ್ಲ ಅಂತ ನೀವು ಕಾರ್ಬ್ಯುರೇಟರನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಮುಚ್ಚಲು ಕಣ್ಣಿಗೆ ಹೊಡೆಯುವ ಕೆಂಪು ಬಟ್ಟೆಯನ್ನೇ ಬಳಸಿ, ಒಂದು ತುದಿ ಹೊರಗೆ ಜೋತಾಡುತ್ತಿರಲಿ. ಒಳಗೇ ಮರೆತು ಜೋಡಿಸುವ ಅಪಾಯ ಅದರಿಂದ ತಪ್ಪುತ್ತದೆ. ಇಲಿ, ಹೆಗ್ಗಣಗಳಿಗೆ ಏರ್‌ಫಿಲ್ಟರ್ ಡಬ್ಬ ಬಲು ಪ್ರೀತಿ. ಅದಕ್ಕೆ ಬಟ್ಟೆ ಸಾಲದು, ತಂತಿ ಜಾಲರಿ ಕಟ್ಟಿ. ಹಕ್ಕಿ ಆಹಾರ, ಅಕ್ಕಿ ಮೂಟೆ ಅಲ್ಲೇ ಇಡುವ ರೂಢಿ ಇದ್ದರೆ ಬೇರೆ ಕಡೆ ಸಾಗಿಸಿ.

ಬೆಂಚಿಗೆ ಹೊಸ ಖರ್ಚು ಬೇಡ. ಹಳೆ ಮನೆ ಕೆಡವಿದ ಕಡೆ ಮರದ ಬಾಗಿಲು ಸಿಗುತ್ತದೆ. ಸ್ಲಾಟೆಡ್ ಆಂಗಲ್, ಅಂದರೆ ಸಾಲಾಗಿ ತೂತಿರುವ ಕಬ್ಬಿಣದ ಪಟ್ಟಿಯ, ಕಾಲುಗಳ ಮೇಲೆ ಅದನ್ನು ಮೂರಡಿ ಎತ್ತರಕ್ಕೆ ಬೋಲ್ಟ್ ಮಾಡಿ, ಗೋಡೆಗೂ ಒಂದೆರಡು ಕಡೆ ಕಚ್ಚಿಸಿ. ಅಡುಗೆಮನೆಯಂತೆ ಕಡಪ ಚಪ್ಪಡಿ ಹಾಕಿಸೋಣ ಅಂತ ಗಾರೆಯವರು ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ, ಸುತ್ತಿಗೆ ಪೆಟ್ಟಿಗೆ ಅದು ಒಡೆಯುತ್ತದೆ. ನಾಲ್ಕಿಂಚಿನ ಬೆಂಚ್ ವೈಸ್ ಒಂದನ್ನು ಬೆಂಚಿನ ಕಾಲಿನ ನೇರಕ್ಕೇ ಕೂರಿಸಿ. ಹಲಗೆಯ ನಡುವೆ ಕೂರಿಸಿದರೆ ಪ್ರತಿ ಎಳೆತಕ್ಕೂ ಬೆಂಚು ಕುಣಿಯುತ್ತದೆ.

ಇಷ್ಟಾದ ಮೇಲೆ ಟೂಲ್ಸ್. ದೊಡ್ಡ ಕಿಟ್ ಬೇಡ ಅಂದದ್ದಕ್ಕೆ ಕಾರಣ: ನೂರು ಚಿಲ್ಲರೆ ಪೀಸುಗಳಲ್ಲಿ ಅರ್ಧ ಸ್ಕ್ರೂಡ್ರೈವರ್ ಬಿಟ್ಟುಗಳು, ಕಾಲುಭಾಗ ಇಂಚಿನ ಅಳತೆಯ ಸಾಕೆಟ್ಟುಗಳು. ನಿಮ್ಮ ಮೂರು ಗಾಡಿಗಳಲ್ಲಿ ಒಂದರಲ್ಲೂ ಇಂಚಿನ ಬೋಲ್ಟ್ ಇಲ್ಲ. ಉಳಿದವು ಹನ್ನೆರಡು ಮೂಲೆಯ ಸಾಕೆಟ್ಟುಗಳಾದರೆ ತುಕ್ಕು ಹಿಡಿದ ತಲೆಯ ಮೇಲೆ ಜಾರಿ ಮೂಲೆ ಸವೆಸುತ್ತವೆ. ಆರು ಮೂಲೆಯವನ್ನು ಬಿಡಿಬಿಡಿಯಾಗಿ ಕೊಳ್ಳಿ. ಟಪಾರಿಯಾದಂಥ ನಮ್ಮಲ್ಲೇ ತಯಾರಾಗುವ ಕಂಪನಿಯ 8ರಿಂದ 19 ಮಿ.ಮೀ.ವರೆಗಿನ ಕಾಂಬಿನೇಷನ್ ಪಾನಾಗಳು, 8, 10, 12, 14ರ ಟಿ-ಸ್ಪ್ಯಾನರ್, ಅಲೆನ್ ಕೀ ಸೆಟ್ಟು, ನೋಸ್ ಪ್ಲೈಯರ್, ಸರ್ಕ್ಲಿಪ್ ಪ್ಲೈಯರ್, ನೈಲಾನ್ ತಲೆಯ ಸುತ್ತಿಗೆ. ಟಿ-ಸ್ಪ್ಯಾನರ್ ಬಗ್ಗೆ ವಿದೇಶಿ ಪಟ್ಟಿಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ನಮ್ಮ ಯಾವ ಮೆಕ್ಯಾನಿಕ್‌ನ ಕೈಯಲ್ಲಿ ನೋಡಿದರೂ ಅದೇ ಮೊದಲು ಕಾಣುತ್ತದೆ. ಒಮ್ಮೆ ಸಡಿಲವಾದ ಬೋಲ್ಟನ್ನು ಬೆರಳಲ್ಲಿ ಗಿರ್ರನೆ ತಿರುಗಿಸಿ ತೆಗೆಯಲು ಅದರಷ್ಟು ಹಗುರ ಇನ್ನೊಂದಿಲ್ಲ.

ಸ್ಕ್ರೂಡ್ರೈವರಿನಲ್ಲಿ ಜಿಪುಣತನ ಬೇಡ. ಆ್ಯಕ್ಟಿವಾದಂಥ ಜಪಾನಿ ವಂಶದ ಗಾಡಿಗಳ ಸ್ಟಾರ್ ಸ್ಕ್ರೂಗೆ ಜಪಾನಿ ಮಾನಕದ, ಅಂದರೆ ಜೆಐಎಸ್ ತುದಿ ಸರಿಯಾಗಿ ಕೂರುತ್ತದೆ. ಮಾಮೂಲಿ ಫಿಲಿಪ್ಸ್ ತುದಿ ಬಿಗಿ ಹೆಚ್ಚಾದ ಕೂಡಲೇ ಮೇಲಕ್ಕೆ ಹಾರಿ ತಲೆ ಕೆಡಿಸುತ್ತದೆ. ಯೆಜ್ಡಿಯ ಕವರ್ ಸ್ಕ್ರೂಗಳು ಚಪ್ಪಟೆ ಸೀಳಿನವು, ವರ್ಷಗಟ್ಟಲೆ ಅಲ್ಯೂಮಿನಿಯಂಗೆ ಕಚ್ಚಿಕೊಂಡಿರುವಂಥವು. ಅವಕ್ಕೆ ಇಂಪ್ಯಾಕ್ಟ್ ಡ್ರೈವರ್ ತನ್ನಿ. ಸುತ್ತಿಗೆಯಲ್ಲಿ ತಲೆಗೆ ಹೊಡೆದಷ್ಟೂ ತುದಿ ಒಳಗೆ ಒತ್ತಿಕೊಂಡೇ ತಿರುಗುವ ಸಾಧನ ಅದು. ಸಾವಿರ ರೂಪಾಯಿಯ ಒಳಗೇ ಬರುತ್ತದೆ, ಯೆಜ್ಡಿ ಕೆಲಸದ ಅರ್ಧ ಸಂಕಟ ಅಲ್ಲಿಗೆ ಕಳೆಯುತ್ತದೆ.

ನಿಜವಾಗಿ ದುಡ್ಡು ಹಾಕಬೇಕಾದ್ದು ಟಾರ್ಕ್ ರೆಂಚಿಗೆ, ಅಂದರೆ ಬೋಲ್ಟು ಎಷ್ಟು ಬಿಗಿಯಾಯಿತು ಅಂತ ಅಳೆದು ಹೇಳುವ ಪಾನಾಗೆ. ಕ್ಲಾಸಿಕ್‌ನಂಥ ಈಗಿನ ಎಂಜಿನ್ನುಗಳಲ್ಲಿ ಸ್ಟೀಲ್ ಬೋಲ್ಟು ಅಲ್ಯೂಮಿನಿಯಂ ಕೇಸಿನೊಳಕ್ಕೆ ಹೋಗುತ್ತದೆ. 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ ಬೇಕಾದ ಬಿಗಿ 10 ನ್ಯೂಟನ್-ಮೀಟರ್ ಆಸುಪಾಸು ಮಾತ್ರ. ಉದ್ದ ಹಿಡಿಯ ರ‍್ಯಾಚೆಟ್ಟಿನಲ್ಲಿ ಅದು ಮಣಿಕಟ್ಟಿನ ಒಂದು ತಿರುವು. ಇನ್ನೊಂದು ತಿರುವು ಕೊಟ್ಟರೆ ಥ್ರೆಡ್ ಹೋಯಿತು. 5ರಿಂದ 25ರವರೆಗಿನ ಸಣ್ಣ ರೆಂಚ್ ಮೊದಲು ಕೊಳ್ಳಿ. ಆಕ್ಸಲ್ ನಟ್ಟಿಗೆ ಬೇಕಾಗುವ ದೊಡ್ಡದು ಆಮೇಲೆ. ಒಂದೇ ದೊಡ್ಡ ರೆಂಚಿನಲ್ಲಿ ಎರಡೂ ಆಗುವುದಿಲ್ಲ, ಅಳತೆಯ ಕೆಳತುದಿಯಲ್ಲಿ ಅದರ ಲೆಕ್ಕ ನಂಬುವಂತಿರುವುದಿಲ್ಲ. ಯಾವ ಬೋಲ್ಟಿಗೆ ಎಷ್ಟು ಅನ್ನುವುದನ್ನು ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ನೋಡಿ. ಕೆಲಸ ಮುಗಿದ ಮೇಲೆ ಟಾರ್ಕ್ ರೆಂಚಿನ ಸ್ಪ್ರಿಂಗ್ ಸಡಿಲ ಮಾಡಿ ಎತ್ತಿಡಿ.

ಬ್ಯಾಟರಿ ಚಾರ್ಜರ್ ಕೊಳ್ಳುವ ಮೊದಲು ಯೆಜ್ಡಿಯ ಬ್ಯಾಟರಿ ಎಷ್ಟು ವೋಲ್ಟಿನದು ಅಂತ ನೋಡಿ. ಹಳೆಯ ಯೆಜ್ಡಿಗಳಲ್ಲಿ 6 ವೋಲ್ಟಿನ ವೈರಿಂಗ್ ಇರುತ್ತಿತ್ತು; ಅಂಥದ್ದಕ್ಕೆ 12 ವೋಲ್ಟಿನ ಚಾರ್ಜರ್ ಹಚ್ಚಿದರೆ ಬ್ಯಾಟರಿ ಕುದಿಯುತ್ತದೆ. ಎರಡಕ್ಕೂ ಆಗುವ ಸ್ಮಾರ್ಟ್ ಚಾರ್ಜರ್ ಸಿಗುತ್ತದೆ. ಮಲ್ಟಿಮೀಟರ್ ಅಗ್ಗದ್ದೇ ಸಾಕು. ಕ್ಲಾಸಿಕ್‌ನ ಬ್ಯಾಟರಿ ರಾತ್ರಿಯೆಲ್ಲ ನಿಂತ ಮೇಲೆ 12.6ಕ್ಕಿಂತ ಮೇಲಿದ್ದರೆ ಚೆನ್ನಾಗಿದೆ, ಎಂಜಿನ್ ಓಡುವಾಗ 14ರ ಆಸುಪಾಸು ತೋರಿಸಿದರೆ ಚಾರ್ಜಿಂಗೂ ಸರಿ ಇದೆ.

ಲಿಫ್ಟ್ ಬೇಡ ಅಂದದ್ದು ದುಡ್ಡಿನ ಕಾರಣಕ್ಕಷ್ಟೇ ಅಲ್ಲ. ಅದು ಬೈಕಿನಷ್ಟೇ ಜಾಗ ತಿನ್ನುತ್ತದೆ, ಮೇಲೆ ಒಮ್ಮೆ ಬಿಚ್ಚಿದ ಬೈಕು ಕೂತರೆ ಅದನ್ನು ಇಳಿಸುವಂತಿಲ್ಲ. ಯೆಜ್ಡಿಗೆ ಮೇನ್ ಸ್ಟ್ಯಾಂಡ್ ಇದೆ, ಎತ್ತರ ಕಡಿಮೆಯ ಮರದ ಮಣೆ ಮನೆಯಲ್ಲೇ ಇದೆ. ಚಕ್ರ, ಫೋರ್ಕ್ ಬಿಚ್ಚುವಾಗ ಬೈಕು ಮುಗ್ಗರಿಸದಂತೆ ಸೀಲಿಂಗಿನ ಉಯ್ಯಾಲೆ ಕೊಂಡಿಯಿಂದ ಹ್ಯಾಂಡಲ್‌ಗೆ ಒಂದು ರ‍್ಯಾಚೆಟ್ ಪಟ್ಟಿ ಬಿಗಿಯಬಹುದು. ಆ ಕೊಂಡಿ ಮೋಲ್ಡ್ ಹಾಕುವಾಗಲೇ ಕಂಬಿಗೆ ಕಟ್ಟಿದ್ದಾಗಿರಬೇಕು, ಆಮೇಲೆ ಡ್ರಿಲ್ ಮಾಡಿ ಹಾಕಿದ್ದಲ್ಲ. ಅದೂ ಬೈಕನ್ನು ತೂಗುಹಾಕಲಲ್ಲ, ಬೀಳದಂತೆ ತಡೆಯಲು ಮಾತ್ರ. ಕಂಪ್ರೆಸರಿನ ಕೆಲಸವನ್ನು ಗೇಜ್ ಇರುವ ಕಾಲು ಪಂಪು ಮಾಡುತ್ತದೆ. ಯೆಜ್ಡಿಗೆ ಪೇಂಟ್ ಹೊಡೆಯುವ ಆಲೋಚನೆ ಇದ್ದರೆ ಅದನ್ನು ಬೂತ್ ಇರುವವರಿಗೆ ಕೊಡಿ. ಬಟ್ಟೆ ಒಣಹಾಕುವ ನೆರೆಮನೆಯವರ ಪಕ್ಕದಲ್ಲಿ ಪೋರ್ಟಿಕೊದಲ್ಲಿ ಸ್ಪ್ರೇ ಮಾಡಬೇಡಿ.

ಚೈನ್ ತೊಳೆಯುವಾಗ ಒಂದು ಎಚ್ಚರಿಕೆ, ಬೇರೆ ಎಲ್ಲ ಮರೆತರೂ ಇದನ್ನು ಮರೆಯಬೇಡಿ. ಎಂಜಿನ್ ಸ್ಟಾರ್ಟ್ ಮಾಡಿ ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವುದನ್ನು ನೀವು ನೋಡಿರುತ್ತೀರಿ. ಬಟ್ಟೆ ಸ್ಪ್ರಾಕೆಟ್ಟಿಗೆ ಸಿಕ್ಕರೆ ಬೆರಳು ಅದರ ಹಿಂದೆಯೇ ಹೋಗುತ್ತದೆ. ಕೈ ಬಿಡುವಷ್ಟು ಸಮಯ ಇರುವುದಿಲ್ಲ. ಎಂಜಿನ್ ಆಫ್, ನ್ಯೂಟ್ರಲ್, ಚಕ್ರವನ್ನು ಕೈಯಲ್ಲಿ ತಿರುಗಿಸಿ. ಓ-ರಿಂಗ್ (ಕೊಂಡಿಗಳ ನಡುವಿನ ಸಣ್ಣ ರಬ್ಬರ್ ಬಳೆ) ಇರುವ ಚೈನಿಗೆ ಪೆಟ್ರೋಲ್ ತಾಗಿಸಬೇಡಿ, ರಬ್ಬರ್ ಬಿರಿಯುತ್ತದೆ. ಸೀಮೆಎಣ್ಣೆ ಒಳ್ಳೆಯದು, ಆದರೆ ಅದೀಗ ಸುಲಭಕ್ಕೆ ಸಿಗುವುದಿಲ್ಲ. ಚೈನ್ ಕ್ಲೀನರ್ ಡಬ್ಬಿ ತನ್ನಿ. ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರಲ್ಲಿ ತೊಳೆಯಿರಿ, ಒರೆಸಿದರೆ ಸಾಲದು.

ಇಳಿಸಿದ ಎಂಜಿನ್ ಆಯಿಲನ್ನು ಚರಂಡಿಗೆ, ಗಿಡದ ಬುಡಕ್ಕೆ ಸುರಿಯುವುದು ಬೇಡ. ಕ್ಯಾನಿನಲ್ಲಿ ತುಂಬಿ ಹತ್ತಿರದ ಯಾವುದಾದರೂ ಗ್ಯಾರೇಜಿಗೆ ಕೊಡಿ. ಡ್ರಮ್ಮು ತುಂಬಿದಾಗ ಅವರು ಮಾರುತ್ತಾರೆ, ಹಾಗಾಗಿ ಬೇಡ ಅನ್ನುವುದಿಲ್ಲ. ಬೇಲಿ ಗೂಟಕ್ಕೆ ಗೆದ್ದಲು ಹತ್ತದಿರಲಿ ಅಂತ ಬಳಿಯುವ ರೂಢಿಯೂ ಇದೆ, ಬಾವಿ ಹತ್ತಿರವಿದ್ದರೆ ಅದೂ ಬೇಡ. ಹಳೆ ಎಣ್ಣೆ ಚರ್ಮಕ್ಕೆ ಕೆಟ್ಟದ್ದು, ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ.

ಕೊನೆಗೆ ಯೆಜ್ಡಿಗೇ ಸೇರಿದ ಎರಡು ಮಾತು. ಪಾನಾ ಮುಟ್ಟುವ ಮುಂಚೆ ಆರ್‌ಸಿ ಹುಡುಕಿ ತೆಗೆಯಿರಿ. ನೋಂದಣಿಯ ಅವಧಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನಿಮ್ಮದು ಎಂದೋ ಮುಗಿದಿರಬೇಕು. ಅಪ್ಪನ ಹೆಸರಿನಲ್ಲಿದ್ದರೆ ವರ್ಗಾವಣೆಯೂ ಆಗಬೇಕು. ಆರ್‌ಟಿಒ ಕಚೇರಿಯಲ್ಲಿ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಆ ಜಾಗವನ್ನು ತುಕ್ಕು ತೆಗೆಯುವ ಉತ್ಸಾಹದಲ್ಲಿ ಗ್ರೈಂಡರ್ ಹಾಕಿ ಉಜ್ಜಿದರೆ, ಅಥವಾ ದಪ್ಪ ಪೌಡರ್ ಕೋಟಿಂಗ್‌ನಲ್ಲಿ ನಂಬರ್ ಹೂತುಹೋದರೆ, ಅಷ್ಟು ಚೆನ್ನಾಗಿ ಎಬ್ಬಿಸಿದ ಗಾಡಿ ಕಾಗದದಲ್ಲಿ ಸತ್ತಂತೆ. ಬಿಚ್ಚುವ ಮೊದಲು ನೀವೇ ಒಂದು ಅಚ್ಚು ತೆಗೆದು ಆರ್‌ಸಿಯ ನಂಬರಿಗೆ ತಾಳೆ ನೋಡಿ, ಪೇಂಟಿಗೆ ಕಳಿಸುವಾಗ ಆ ಜಾಗಕ್ಕೆ ಟೇಪ್ ಅಂಟಿಸಿ ಕಳಿಸಿ.

ಎರಡನೆಯದು ಪುಲ್ಲರ್‌ಗಳು, ಅಂದರೆ ಬಿಗಿಯಾಗಿ ಕೂತ ಭಾಗವನ್ನು ಎಳೆದು ತೆಗೆಯುವ ಸಾಧನಗಳು. ಯೆಜ್ಡಿಯ ಕ್ಲಚ್ಚು, ಮ್ಯಾಗ್ನೆಟ್ ಕಡೆಯ ರೋಟರ್ ಇವು ಅವುಗಳದ್ದೇ ಪುಲ್ಲರ್ ಇಲ್ಲದೆ ಬರುವುದಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಕೇಸ್ ಒಡೆಯುತ್ತದೆ. ಬೇರೆ ಊರಿನವರಿಗೆ ಇದು ತಲೆನೋವು, ನಿಮ್ಮೂರು ಮೈಸೂರು. 1961ರಿಂದ 1996ರವರೆಗೆ ಯೆಜ್ಡಿ ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ ನಡೆದದ್ದು ನಿಮ್ಮ ಯಾದವಗಿರಿಯಲ್ಲೇ. ಆ ಗಾಡಿಗಳ ಮೇಲೆಯೇ ಕೈ ಪಳಗಿದ ಹಿರಿಯ ಮೆಕ್ಯಾನಿಕ್‌ಗಳು ಊರಲ್ಲಿ ಇನ್ನೂ ಸಿಗುತ್ತಾರೆ. ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಅಂತ ಗಾಡಿಯವರೆಲ್ಲ ಸೇರುತ್ತಾರಲ್ಲ, ಅಲ್ಲಿಗೆ ಹೋಗಿ ವಿಚಾರಿಸಿ. ಪುಲ್ಲರ್ ಯಾರ ಹತ್ತಿರ ಎರವಲು ಸಿಗುತ್ತದೆ, ಯಾವುದನ್ನು ಯಾರು ಲೇತ್‌ನಲ್ಲಿ ಕಡೆದು ಕೊಡುತ್ತಾರೆ ಅನ್ನುವುದೆಲ್ಲ ಅಲ್ಲಿ ಗೊತ್ತಾಗುತ್ತದೆ. ಉಳಿದ ಸಾಮಾನಿಗೆ ಬೆಂಗಳೂರಿಗೆ ಹೋದಾಗ ಟೂಲ್ಸ್‌ಗೆ ಎಸ್.ಪಿ. ರಸ್ತೆ, ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಒಮ್ಮೆ ಸುತ್ತಿ ಬನ್ನಿ.

ಹಣದ ಲೆಕ್ಕ: ಕರೆಂಟು, ದೀಪ, ಮ್ಯಾಟು, ಸಂಪಿನ ಮುಚ್ಚಳ, ಬೆಂಕಿ ಸಿಲಿಂಡರ್ ಸೇರಿ 15 ಸಾವಿರದ ಹತ್ತಿರ ಹೋಗಬಹುದು. ಬೆಂಚು, ವೈಸ್‌ಗೆ ಐದಾರು ಸಾವಿರ. ಮೇಲೆ ಹೇಳಿದ ಟೂಲ್ಸ್, ಸಣ್ಣ ಟಾರ್ಕ್ ರೆಂಚ್, ಚಾರ್ಜರ್ ಸೇರಿ 12 ಸಾವಿರದೊಳಗೆ. ಉಳಿಯುವ ಏಳೆಂಟು ಸಾವಿರವನ್ನು ಈಗ ಮುಟ್ಟಬೇಡಿ. ಮೊದಲು ಕ್ಲಾಸಿಕ್‌ನ ಒಂದು ಆಯಿಲ್ ಚೇಂಜ್ ಇಲ್ಲಿ ಮಾಡಿ ನೋಡಿ, ಆಮೇಲೆ ಯೆಜ್ಡಿಯ ಟ್ಯಾಂಕ್ ಇಳಿಸಿ. ಯಾವ ಬೋಲ್ಟು ಯಾವ ಪಾನಾ ಕೇಳುತ್ತದೋ ಅದನ್ನು ಆಗ ತರೋಣ.